ಬ್ಲೇಡ್ ಕಂಪನಿ ಎಂದರೆ ಬ್ಲೇಡು ಮಾಡುವ ಕಂಪನಿಯಲ್ಲ

ಮುಂಬಯಿಯ ಲೋಕಲ್ ಗಾಡಿಯ ಲೇಡೀಸ್ ಡಬ್ಬಿಯಲ್ಲಿ ಯಾರಾದರೂ "ಬ್ಲೇಡ್" ಎಂದರೆ ಸಾಕು, ಹತ್ತು ಕೈಗಳು ಒಟ್ಟಿಗೆ ಹತ್ತು ಬ್ಯಾಗುಗಳ ತಳ ಸವರುತ್ತವೆ. ಇಲ್ಲಿ ಆ ಶಬ್ದಕ್ಕೆ ಬೇರೆ ವಿವರಣೆ ಬೇಡ. "ಬ್ಲೇಡ್ ಮಾರ್ ದಿಯಾ" ಎಂದರೆ ಗರ್ದಿಯಲ್ಲಿ ಯಾರೋ ಬ್ಯಾಗಿನ ಬದಿ ಸೀಳಿ ಪಾಕೀಟು ಎತ್ತಿದ್ದಾರೆ ಎಂದರ್ಥ. ಇಪ್ಪತ್ತನಾಲ್ಕು ವರ್ಷದಿಂದ ಡೊಂಬಿವಲಿ–ಸಿಎಸ್‌ಎಂಟಿ ಓಡಾಡುತ್ತಿರುವ ನಾನು ಅಂಥ ಸೀಳುಗಳನ್ನು ಸಾಕಷ್ಟು ನೋಡಿದ್ದೇನೆ. ಬೆರಳುದ್ದದ ನೆಟ್ಟನೆಯ ಗೆರೆ. ಒಂದು ಎಳೆಯೂ ಹರಿದಿರುವುದಿಲ್ಲ. ಸ್ಟೇಷನ್ ಹೊರಗೆ ಬ್ಯಾಗ್ ರಿಪೇರಿ ಮಾಡುವವನು ಅದನ್ನು ನೋಡಿ ಮೊದಲು ತಲೆದೂಗುತ್ತಾನೆ, ಆಮೇಲೆ ರೇಟು ಹೇಳುತ್ತಾನೆ.

ಈ ಕಸುಬಿಗೆ ಹಲವು ಭಾಷೆಗಳು ಕತ್ತರಿಸುವ ಹೆಸರನ್ನೇ ಕೊಟ್ಟಿವೆ. ಮರಾಠಿಯಲ್ಲಿ ಅವನು 'ಖಿಸೇಕಾಪೂ', ಕಿಸೆ ಕತ್ತರಿಸುವವ. ಹಳೆಯ ಧರ್ಮಶಾಸ್ತ್ರಗಳಲ್ಲಿ 'ಗ್ರಂಥಿಭೇದಕ', ಸೆರಗಿನ ಗಂಟು ಕತ್ತರಿಸುವವ. ಹಳೆಯ ಇಂಗ್ಲಿಷಿನಲ್ಲಿ 'ಕಟ್‌ಪರ್ಸ್'. ನಮ್ಮಲ್ಲಿ ಮಾತ್ರ ಕಿಸೆಗಳ್ಳ, ಗಂಟುಗಳ್ಳ ಎಂದು ಬರೀ ಕಳ್ಳನಾಗಿ ಉಳಿದ. ಆದರೆ ಬೆಲೆ ಏರಿದಾಗ 'ಜೇಬಿಗೆ ಕತ್ತರಿ' ಎಂದು ಪೇಪರಿನವರು ಈಗಲೂ ತಲೆಬರಹ ಕೊಡುತ್ತಾರಲ್ಲ, ಅಲ್ಲಿ ಆ ಉಪಕರಣ ಹಾಗೆಯೇ ಇದೆ.

ಬ್ಲೇಡು ನಮ್ಮ ಮನೆಗಳಿಗೆ ಬಂದು ಇನ್ನೂ ನೂರು ಚಿಲ್ಲರೆ ವರ್ಷ ಅಷ್ಟೇ. ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ ಎಂಬವರು ಬಳಸಿ ಬಿಸಾಡುವ ತೆಳು ಅಲಗಿನ ರೇಜರನ್ನು ಮಾರಲು ಶುರು ಮಾಡಿದ್ದು 1903ರಲ್ಲಿ. ಆ ವರ್ಷ ಮಾರಾಟವಾದದ್ದು 51 ರೇಜರು, 168 ಬ್ಲೇಡು ಎಂದು ಹೇಳುತ್ತಾರೆ. ನಮ್ಮಜ್ಜನ ಕಾಲದಲ್ಲಿ ಕ್ಷೌರಕ್ಕೆ ಇದ್ದದ್ದು ಮಡಚುವ ಕತ್ತಿ, ಅದನ್ನು ಮಸೆಯಲು ಚರ್ಮದ ಪಟ್ಟಿ. ನಮ್ಮಪ್ಪನ ಕಾಲಕ್ಕೆ ಕನ್ನಡಿಯ ಹಿಂದೆ ಟೋಪಾಜು, ಅಶೋಕ, ಪನಾಮಾ, ಸೆವೆನ್ ಓ ಕ್ಲಾಕ್ ಇದ್ದವು. ಗಡ್ಡ ತೆಗೆದು ಹಳತಾದ ಬ್ಲೇಡಿಗೆ ಅಸಲು ಬದುಕು ಶುರುವಾಗುತ್ತಿದ್ದದ್ದು ಆಮೇಲೆ. ಅಮ್ಮ ಅದರಲ್ಲಿ ಹೊಲಿಗೆ ಬಿಚ್ಚುತ್ತಿದ್ದಳು, ಕಾಜಾ ಕತ್ತರಿಸುತ್ತಿದ್ದಳು, ಕಾಲಿನ ಆಣಿ ಕೆರೆಯುತ್ತಿದ್ದಳು. ನಾವು ಅರ್ಧ ತುಂಡು ಕಂಪಾಸಿನಲ್ಲಿಟ್ಟುಕೊಂಡು ಪೆನ್ಸಿಲು ಕೆತ್ತುತ್ತಿದ್ದೆವು. ಮುಂಬಯಿಯ ಸಲೂನಿನಲ್ಲಿ ಈಗಲೂ ಬ್ಲೇಡನ್ನು ಕಾಗದದ ಸಮೇತ ಮಧ್ಯಕ್ಕೆ ಮುರಿದು ಅರ್ಧ ನಿಮಗೆ, ಅರ್ಧ ನಿಮ್ಮ ಹಿಂದಿನವರಿಗೆ. ಗಿರಾಕಿಯ ಕಣ್ಣೆದುರೇ ಹೊಸತು ಬಿಚ್ಚಬೇಕೆನ್ನುವ ರೂಢಿ ಏಡ್ಸ್ ಭಯದ ವರ್ಷಗಳಲ್ಲಿ ಗಟ್ಟಿಯಾಯಿತು.

ಇಷ್ಟು ಮನೆಬಳಕೆಯ ವಸ್ತುವಿಗೆ ಅಡ್ಡ ಅರ್ಥಗಳು ಹುಟ್ಟದೆ ಇರುತ್ತವೆಯೇ?

ನನ್ನ ಅಣ್ಣನ ಮಗ ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವನು. ಇಂಟರ್ನ್‌ಶಿಪ್ಪಿಗೆಂದು ಎರಡು ತಿಂಗಳು ನಮ್ಮನೆಯಲ್ಲಿದ್ದ. ಫಾಸ್ಟ್ ಗಾಡಿ ಯಾವುದು, ಸ್ಲೋ ಯಾವುದು, ಘಾಟ್ಕೋಪರ್‌ನಲ್ಲಿ ಯಾಕೆ ಬಾಗಿಲ ಹತ್ತಿರ ನಿಲ್ಲಬಾರದು ಎಂದು ನಾನು ಒಂದು ಸಂಜೆ ವಿವರವಾಗಿ ಹೇಳುತ್ತಿದ್ದೆ. ಅವನು ಕೈಮುಗಿದು, "ಅತ್ತೆ, ಸಾಕು, ಎಷ್ಟು ಬ್ಲೇಡ್ ಹಾಕ್ತೀರಿ" ಅಂದ. ಪಕ್ಕದಲ್ಲಿದ್ದ ನನ್ನ ಮಗಳು ಹೌಹಾರಿದಳು. ಅವಳ ಕಿವಿಗೆ ಅದು ಸೀಳುವ ಮಾತು. ಬೆಂಗಳೂರಿನ ಕಾಲೇಜು ಹುಡುಗರಿಗೆ ಬ್ಲೇಡ್ ಹಾಕುವುದೆಂದರೆ ತಲೆ ತಿನ್ನುವುದು.

ಆ ರಾತ್ರಿ ನಾವು ಮೂವರೂ ಕೂತು ಲೆಕ್ಕ ಹಾಕಿದೆವು. ದಕ್ಷಿಣದವರಿಗೆ ಬೇಸರ ಎಂದರೆ ಯಾಕೋ ಬಡಗಿಯ ಪೆಟ್ಟಿಗೆಯೇ ನೆನಪಾಗುತ್ತದೆ. ನಮ್ಮಲ್ಲಿ ಕೊರೆಯುವುದು, ಕುಯ್ಯುವುದು. ತೀರಾ ಜಾಸ್ತಿಯಾದರೆ ಬೈರಿಗೆ. ತಮಿಳರಿಗೆ ಬ್ಲೇಡ್ ಅಂತೂ ಇದೆ, ಜೊತೆಗೆ 'ರಂಪಂ', ಅಂದರೆ ಗರಗಸ. ಮಲಯಾಳಿಗಳಿಗೆ 'ಕತ್ತಿ'. ತೆಲುಗರಿಗೆ 'ಸುತ್ತಿ', ನಮ್ಮ ಸುತ್ತಿಗೆಯೇ. ಅದನ್ನು ಮನೆಮಾತಾಗಿಸಿದ್ದು ಜಂಧ್ಯಾಲ ನಿರ್ದೇಶನದ 'ನಾಲುಗು ಸ್ತಂಭಾಲಾಟ' ಎಂಬ 1982ರ ಸಿನಿಮಾ. ಅದರಲ್ಲಿ ನಟಿಸಿದ ವೀರಭದ್ರರಾವ್ ಮತ್ತು ವೇಲು ಇಬ್ಬರಿಗೂ 'ಸುತ್ತಿ' ಎನ್ನುವುದು ಹೆಸರಿನ ಮುಂದೆ ಕೊನೆವರೆಗೂ ಅಂಟಿಕೊಂಡಿತು. ಇಂಗ್ಲಿಷಿನ 'ಬೋರ್' ಕೂಡ ತೂತು ಕೊರೆಯುವ ಬೋರ್‌ನಂತೆಯೇ ಕೇಳುತ್ತದೆ, ಎರಡಕ್ಕೂ ಒಂದೇ ಮೂಲವೋ ಅಲ್ಲವೋ, ನಮ್ಮವರಂತೂ ಅದನ್ನು ಕೊರೆತ ಎಂದೇ ಹಿಡಿದುಕೊಂಡರು. ಮುಂಬಯಿ ಇದಕ್ಕೆಲ್ಲ ಹೊರತು. ಇಲ್ಲಿ ಬೇಸರ ಹುಟ್ಟುವುದು ಅಡುಗೆಮನೆಯಲ್ಲಿ. "ಪಕಾವ್ ಮತ್" ಅನ್ನುತ್ತಾರೆ, ಬೇಯಿಸಬೇಡ ಎಂದು. ಮುಂದೆ ಹೋದರೆ ಭೇಜಾ ಫ್ರೈ. ಹೋಟೆಲು ನಡೆಸಲು ಬಂದ ನಾವು ಇಷ್ಟೊಂದು ಬಡಗಿ ಮಾತು ಹೊತ್ತು ತಂದೆವು, ಇಲ್ಲಿನವರು ನಮಗೆ ಅಡುಗೆ ಮಾತು ಕೊಟ್ಟರು.

ಇವೆಲ್ಲ ನಗಾಡಿ ಬಿಡುವ ವಿಷಯ. ಬ್ಲೇಡಿನ ಮೂರನೆಯ ಅರ್ಥ ಹಾಗಲ್ಲ.

ನಮ್ಮ ಬಿಲ್ಡಿಂಗಿನಲ್ಲಿ ಹೆಂಗಸರ ಒಂದು ಭಿಶಿ ಇದೆ. ಊರಲ್ಲಿ ನಾವು ಚೀಟಿ ಎನ್ನುವುದನ್ನೇ ಇಲ್ಲಿ ಭಿಶಿ ಎನ್ನುವುದು. ಹದಿನಾಲ್ಕು ಜನ, ತಿಂಗಳಿಗೆ ಎರಡು ಸಾವಿರ, ಚೀಟಿ ಎತ್ತಿದವಳ ಮನೆಯಲ್ಲಿ ಸಾಬೂದಾಣಾ ಖಿಚಡಿ. ಮರಾಠಿ, ಗುಜರಾತಿ, ಇಬ್ಬರು ಸಿಂಧಿ, ನಾವು ಮೂರು ಮನೆ ಕನ್ನಡದವರು. ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ, ನಾನು ಆಫೀಸಿನಲ್ಲಿದ್ದ ದಿನ, ಯಾರದೋ ಪರಿಚಯದ ಏಜೆಂಟನೊಬ್ಬ ಭಿಶಿಗೆ ಬಂದ. ಒಂದು ಲಕ್ಷ ಇಟ್ಟರೆ ತಿಂಗಳಿಗೆ ಐದು ಸಾವಿರ, ಇಪ್ಪತ್ತು ತಿಂಗಳಿಗೆ ಅಸಲೂ ಹುಟ್ಟಿತು, ಆಮೇಲೆ ಬಂದದ್ದೆಲ್ಲ ಲಾಭ ಎಂದು ಬಣ್ಣದ ಕಾಗದ ಹಂಚಿದ. ಆ ದಿನ ಭಿಶಿ ಇದ್ದದ್ದು ಮೂರನೇ ಮಾಳಿಗೆಯ ನಮ್ಮ ಕನ್ನಡದವರ ಮನೆಯಲ್ಲಿ. ಬೆಂಗಳೂರಿನಿಂದ ಬಂದಿದ್ದ ಅವರ ತಾಯಿ ಒಳಗೆ ಮಂಚದ ಮೇಲೆ ಕೂತು ಎಲ್ಲ ಕೇಳಿಸಿಕೊಂಡಿದ್ದಾರೆ. ಎಂಬತ್ತರ ಹತ್ತಿರದ ಜೀವ, ಹಿಂದಿ ಬಾರದು, ಲೆಕ್ಕ ಚೆನ್ನಾಗಿ ಬರುತ್ತದೆ. ಹೊರಗೆ ಬಂದು, "ಇದು ಬ್ಲೇಡ್ ಕಂಪನಿ ಕಣ್ರಮ್ಮ, ಬ್ಲೇಡ್ ಕಂಪನಿ! ಯಾರೂ ದುಡ್ಡು ಕಟ್ಟಬೇಡಿ" ಎಂದಿದ್ದಾರೆ.

ಉಳಿದವರಿಗೆ ಅರ್ಥವಾದದ್ದು 'ಬ್ಲೇಡ್' ಮತ್ತು 'ಕಂಪನಿ' ಎರಡೇ ಶಬ್ದ. ಆಜಿ ಏನಂದರು ಎಂದು ಮೊಮ್ಮಗಳನ್ನು ಕೇಳಿದರು. ಹತ್ತೊಂಬತ್ತರ ಹುಡುಗಿ, ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ, ಹುಟ್ಟಿದ್ದು ಬೆಳೆದದ್ದೆಲ್ಲ ಡೊಂಬಿವಲಿ. ಅವಳಿಗೆ ತಿಳಿದಷ್ಟನ್ನು ಅವಳು ಹೇಳಿದಳು: "ಆಜಿ ಬೋಲ್ ರಹೀ ಹೈ, ಯೇ ಬ್ಲೇಡ್ ಕಾ ಕಂಪನಿ ಹೈ."

ನೀವು ಥಾಣೆ ಕಡೆಯವರಾದರೆ ಮುಂದಿನದು ಊಹಿಸಬಲ್ಲಿರಿ. ಥಾಣೆಯ ವಾಗ್ಳೆ ಇಸ್ಟೇಟಿನ ಸುತ್ತಮುತ್ತ ಬ್ಲೇಡ್ ಕಂಪನಿ ಎಂದರೆ ಸೂಪರ್‌ಮ್ಯಾಕ್ಸ್. ಈ ಭಾಗದ ಎಷ್ಟೋ ಸಂಸಾರ ನಡೆದದ್ದು ಆ ಬ್ಲೇಡಿನ ಸಂಬಳದಲ್ಲಿ. ಭಿಶಿಯಲ್ಲೇ ಒಬ್ಬಳ ಮಾವ ಅಲ್ಲಿ ದುಡಿದವರು. "ಅರೇ ವಾ, ಇನಕಾ ಫ್ಯಾಕ್ಟರಿ ಭೀ ಹೈ!" ಎಂದು ಅವಳು ಖುಷಿಪಟ್ಟಳು. ಏಜೆಂಟನೂ ಇಲ್ಲ ಎನ್ನಲಿಲ್ಲ, ಅವನು ಯಾಕೆ ಅಂದಾನು? ಅಜ್ಜಿಯ ಎಚ್ಚರಿಕೆ ಎರಡೇ ನಿಮಿಷದಲ್ಲಿ ಶಿಫಾರಸಾಯಿತು.

ಸಂಜೆ ನಾನು ಮನೆಗೆ ಬಂದಾಗ ಆ ತಾಯಿ ಮೆಟ್ಟಿಲಲ್ಲೇ ಕಾಯುತ್ತಿದ್ದರು. ಅವರ ಯಜಮಾನರು ಸರಕಾರಿ ನೌಕರಿಯಲ್ಲಿದ್ದವರು. ತೊಂಬತ್ತರ ದಶಕದಲ್ಲಿ ರಿಟೈರಾದಾಗ ಬಂದ ಹಣದಲ್ಲಿ ಹೆಚ್ಚಿನದನ್ನು ಒಂದು ಫೈನಾನ್ಸಿನಲ್ಲಿ ಇಟ್ಟರು. ಏಳು ತಿಂಗಳು ಬಡ್ಡಿ ಬಂತು, ಎಂಟನೇ ತಿಂಗಳು ಶಟರಿಗೆ ಬೀಗ. "ಆ ಬೀಗದ ಮುಂದೆ ನಿಂತಾಗ ಪಕ್ಕದ ಅಂಗಡಿಯವನು ಹೇಳಿದ ಮಾತಮ್ಮ ಅದು. ಬ್ಲೇಡ್ ಕಂಪನಿ ಅಂತ ಗೊತ್ತಿರಲಿಲ್ವಾ ಅಂತ ಕೇಳಿದ. ನಮಗೆ ಗೊತ್ತಿರಲಿಲ್ಲ." ಆ ರಾತ್ರಿಯೇ ನಾನು ಮನೆಮನೆಗೆ ಹೋಗಿ ಹೇಳಿದೆ. ಮೂವರು ಕೈಬಿಟ್ಟರು. ಇಬ್ಬರು ಆಗಲೇ ಕಟ್ಟಿಯಾಗಿತ್ತು. ಅವರಲ್ಲೊಬ್ಬಳು ಡಬ್ಬಾ ಮಾಡಿ ಮಾರುವವಳು, ಎಂಬತ್ತು ಸಾವಿರ. ನಾಲ್ಕು ತಿಂಗಳು ಸರಿಯಾಗಿ ಬಂತು, ಆಮೇಲೆ ಫೋನು ಸ್ವಿಚ್ ಆಫ್.

ಈ ಶಬ್ದ ಎಲ್ಲಿಂದ ಬಂತು? ಕೂದಲು ಬೋಳಿಸುವುದಕ್ಕೂ ಹಣ ಬೋಳಿಸುವುದಕ್ಕೂ ಹಳೆಯ ನಂಟು. 'ನುಣ್ಣಗೆ ಬೋಳಿಸಿಬಿಟ್ಟ' ಎನ್ನುತ್ತೇವೆ. ಹಿಂದಿಯವರು ಉಲ್ಟಾ ಉಸ್ತರಾದಿಂದ ಬೋಳಿಸಿದ ಎನ್ನುತ್ತಾರೆ. ಕತ್ತಿ ಹೋಗಿ ಬ್ಲೇಡು ಬಂದ ಮೇಲೆ ಮೋಸಕ್ಕೂ ಬ್ಲೇಡೇ ಉಪಕರಣವಾಯಿತು ಎಂದು ನನ್ನ ಅಂದಾಜು. ನೋವು ತಿಳಿಯುವ ಮೊದಲೇ ಕೊಯ್ದಾಗಿರುತ್ತದೆ ಎಂಬುದೂ ಸರಿಹೊಂದುತ್ತದೆ. ಕಾಸರಗೋಡು, ಮಂಗಳೂರು ಕಡೆಯವರಿಗೆ ಇದು ಕೇರಳದಿಂದಲೂ ಕಿವಿಗೆ ಬಿದ್ದ ಮಾತು. ಆದರೆ ಗಡಿ ದಾಟುವಾಗ ಬ್ಲೇಡಿನ ಬಾಯಿ ತಿರುಗಿತು. ಕೇರಳದಲ್ಲಿ ಅದು ಹೆಚ್ಚಾಗಿ ಸಾಲ ಕೊಟ್ಟು ಬಡ್ಡಿಯಲ್ಲಿ ಕೊಯ್ಯುವವರಿಗೆ ಹೇಳುವುದು. 2014ರಲ್ಲಿ ಅಲ್ಲಿನ ಪೊಲೀಸರು ಈ 'ಬ್ಲೇಡ್ ಮಾಫಿಯಾ' ವಿರುದ್ಧ 'ಆಪರೇಷನ್ ಕುಬೇರ' ನಡೆಸಿದರು. ಬೆಂಗಳೂರಿನಲ್ಲಿ ಸಾಲಗಾರನನ್ನು ಕೊಯ್ಯುವುದಕ್ಕೆ ಬೇರೆ ಮಾತೇ ಇದೆ, 'ಮೀಟರ್ ಬಡ್ಡಿ'. ಆಟೋ ನಿಂತರೂ ಮೀಟರು ಓಡುತ್ತಿರುತ್ತದಲ್ಲ, ಹಾಗೆ. ಅದಕ್ಕೇ ಅಲ್ಲಿ ಬ್ಲೇಡ್ ಕಂಪನಿ ಎನ್ನುವ ಹೆಸರು ಠೇವಣಿ ಇಟ್ಟವರನ್ನು ಕೊಯ್ಯುವವರಿಗೆ ಮೀಸಲಾಯಿತು. ವಿನಿವಿಂಕ್ ಆಯಿತು, 2019ರಲ್ಲಿ ಐಎಂಎ ಆಯಿತು. ಪ್ರತಿ ಸಲವೂ ಕನ್ನಡದ ಓದುಗರಿಗೆ ಆ ಎರಡು ಶಬ್ದ ಸಾಕಾಗುತ್ತಿತ್ತು.

ಮುಂಬಯಿಯಲ್ಲಿ ಮೋಸ ಕಡಿಮೆಯೇ? 2025ರ ಜನವರಿ 6ರಂದು ದಾದರಿನ ಟೊರೆಸ್ ಆಭರಣದ ಮಳಿಗೆಯ ಮುಂದೆ ನೆರೆದ ಜನರನ್ನು ನೀವು ಟಿ.ವಿ.ಯಲ್ಲಿ ನೋಡಿರಬೇಕು. ನಡೆಸುತ್ತಿದ್ದದ್ದು ಪ್ಲಾಟಿನಮ್ ಹರ್ನ್ ಎಂಬ ಕಂಪನಿ. ಮೊಯ್ಸನೈಟ್ ಎಂಬ ವಜ್ರದಂಥ ಹರಳು ಕೊಳ್ಳಿ, ವಾರವಾರ ಹಣ ಪಡೆಯಿರಿ ಎಂಬ ಯೋಜನೆ, ವರ್ಷವಿಡೀ 52 ವಾರ. ಶಿವಾಜಿ ಪಾರ್ಕ್ ಪೊಲೀಸರಲ್ಲಿ ದೂರು ದಾಖಲಾಗಿ ತನಿಖೆ ಆರ್ಥಿಕ ಅಪರಾಧ ವಿಭಾಗಕ್ಕೆ ಹೋಯಿತು. ಹಣ ಕಟ್ಟಿದವರಲ್ಲಿ ದಾದರ್ ಮಾರ್ಕೆಟಿನ ತರಕಾರಿ ವ್ಯಾಪಾರಿಗಳೂ ಇದ್ದರು. ಪತ್ರಿಕೆಗಳಲ್ಲಿ ಬಂದ ಲೆಕ್ಕವೇ ಹಿಡಿಯಿರಿ, ವಾರಕ್ಕೆ ಶೇ. 6 ಎಂದರೆ 52 ವಾರಕ್ಕೆ ಶೇ. 312. ಬ್ಯಾಂಕೇತರ ಹಣಕಾಸು ಕಂಪನಿಗಳು ಠೇವಣಿಗೆ ವರ್ಷಕ್ಕೆ ಶೇ. 12.5ಕ್ಕಿಂತ ಹೆಚ್ಚು ಬಡ್ಡಿ ಕೊಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕಿನ ನಿಯಮ. ಅಂದರೆ ಅಲ್ಲಿ ಒಂದು ವರ್ಷಕ್ಕೆ ಸಿಗುವುದು ಇಲ್ಲಿ ಹೆಚ್ಚುಕಡಿಮೆ ಎರಡೇ ವಾರಕ್ಕೆ! ಅಕೌಂಟ್ಸ್ ವಿಭಾಗದಲ್ಲಿ ಕೂದಲು ಹಣ್ಣಾದ ನನಗೆ ಇಂಥ ಲೆಕ್ಕ ನೋಡಿದರೆ ಮೈ ಜುಮ್ಮೆನ್ನುತ್ತದೆ. ಹಾಗೆಂದು ಕಟ್ಟಿದವರನ್ನು ದಡ್ಡರು ಎನ್ನಲಾರೆ. ಮೊದಲ ಕೆಲವು ವಾರ ಹಣ ನಿಜವಾಗಿಯೂ ಕೈಗೆ ಬರುತ್ತದೆ. ಪಕ್ಕದ ಗಾಡಿಯವನು ಹೊಸ ಬೈಕು ತಂದದ್ದು ಕಣ್ಣಿಗೆ ಕಾಣುತ್ತದೆ. ಆಮೇಲೆ ಬಂದವರ ಹಣವನ್ನೇ ಮೊದಲು ಬಂದವರಿಗೆ ಬಡ್ಡಿಯೆಂದು ಹಂಚುವ ಈ ಆಟ ಹೊಸಬರು ಬರುತ್ತಿರುವಷ್ಟು ದಿನ ಸರಾಗವಾಗಿ ನಡೆಯುತ್ತದೆ.

ಕಾನೂನು ಇಲ್ಲವೆಂದಲ್ಲ. ಠೇವಣಿದಾರರ ಹಿತ ಕಾಯಲು ಮಹಾರಾಷ್ಟ್ರದಲ್ಲಿ 1999ರ ಕಾಯ್ದೆ ಇದೆ, ಕರ್ನಾಟಕದಲ್ಲಿ 2004ರದ್ದು, ಅನಿಯಂತ್ರಿತ ಠೇವಣಿ ಯೋಜನೆಗಳನ್ನೇ ನಿಷೇಧಿಸುವ ಕೇಂದ್ರದ ಕಾಯ್ದೆ 2019ರದ್ದು. ಅವೆಲ್ಲ ಹೆಚ್ಚಾಗಿ ಕೆಲಸಕ್ಕೆ ಬರುವುದು ಶಟರು ಎಳೆದ ಮೇಲೆ.

ನನಗೆ ಕುತೂಹಲ ಹುಟ್ಟಿಸಿದ್ದು ಇನ್ನೊಂದು. ಮುಂಬಯಿಯ ಆಡುಮಾತಿನಲ್ಲಿ ಮೋಸಕ್ಕೆ ಎಷ್ಟು ಶಬ್ದಗಳಿಲ್ಲ! ಚೂನಾ ಲಗಾಯಾ, ಟೋಪಿ ಪೆಹನಾಯಾ, ಗಂಡಾ ಗಯಾ... ಎಲ್ಲವೂ ಆಗಿಹೋದದ್ದರ ವರದಿ. ನಮ್ಮ ಪಂಗನಾಮ, ಮೂರುನಾಮಗಳೂ ಅಷ್ಟೇ, ಹಾಕಿದ ಮೇಲೆ ಹೇಳುವಂಥವು. 'ಬ್ಲೇಡ್ ಕಂಪನಿ' ಮಾತ್ರ ಶಟರು ತೆರೆದಿರುವಾಗಲೇ, ಏಸಿ ಹಾಕಿಕೊಂಡು, ಕೋಟು ತೊಟ್ಟುಕೊಂಡು, ಗಣೇಶನ ಫೋಟೊ ಇಟ್ಟುಕೊಂಡು ಕೂತಿರುವ ಕಂಪನಿಯ ಕಡೆಗೆ ಬೆರಳು ತೋರಿಸಿ ಹೇಳಬಹುದಾದ ಹೆಸರು. ಬೆಂಗಳೂರಿನವರು ನೂರಾರು ಬೀಗಗಳ ಮುಂದೆ ನಿಂತು ಇದನ್ನು ಗಳಿಸಿದರು. ಈಗ ಅಲ್ಲಿ ಏಜೆಂಟ್ ಬಾಯಿ ತೆರೆಯುವ ಮೊದಲೇ "ಬ್ಲೇಡ್ ಕಂಪನಿ ಅಲ್ಲ ತಾನೇ?" ಎಂದು ಕೇಳುತ್ತಾರೆ. ಕೇಳಿಯೂ ಕೆಲವರು ಕಟ್ಟುತ್ತಾರೆ, ಅದು ಬೇರೆ ಮಾತು.

ನಮ್ಮ ಮುಂಬಯಿ ಕನ್ನಡಕ್ಕೆ ಈ ಶಬ್ದ ಪೂರಾ ಇಳಿಯಲಿಲ್ಲ. ಕೋಟೆಯ ಹೋಟೆಲುಗಳಲ್ಲಿ ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಕಲಿತ ತಲೆಮಾರಿನವರು ಊರು ಬಿಟ್ಟಾಗ ಅದು ಊರಲ್ಲಿ ಹುಟ್ಟಿರಲೇ ಇಲ್ಲ. ಅವರು ಹೊತ್ತು ತಂದದ್ದು ಅಂದಿನ ಕನ್ನಡ. ಆಮೇಲಿನದ್ದು ರಜೆಯಲ್ಲಿ ಊರಿಗೆ ಹೋದಾಗ ಕೇಳಿದ್ದು, 'ಕರ್ನಾಟಕ ಮಲ್ಲ' ಓದಿ ತಿಳಿದದ್ದು, ಈಗ ವಾಟ್ಸಾಪಿನಲ್ಲಿ ಬಂದದ್ದು. ಮಕ್ಕಳಿಗೆ ನಾವು ಕನ್ನಡ ಕಲಿಸುವುದೆಂದರೆ ಊಟ, ತಿಂಡಿ, ಅಜ್ಜಿ, ಹಬ್ಬ ಇಷ್ಟರಲ್ಲಿ ಮುಗಿಯುತ್ತದೆ. ಹಣದ ಮಾತು ಬಂದ ಕೂಡಲೇ ನಾವೇ ಹಿಂದಿಗೋ ಇಂಗ್ಲಿಷಿಗೋ ಹಾರುತ್ತೇವೆ. ಆ ಹುಡುಗಿಯ ಅನುವಾದದಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ ಎಂಬುದನ್ನು ನಾನು ಆಗಾಗ ನೆನೆಯುತ್ತೇನೆ.

ಭಾಷೆಯ ಭಂಡಾರವನ್ನು ಹಳಗನ್ನಡದಲ್ಲೂ ವಚನದಲ್ಲೂ ಹುಡುಕುವ ನಮ್ಮ ಸಂಘಗಳ ಕಾರ್ಯಕ್ರಮಗಳಿಗೆ ನಾನು ತಪ್ಪದೆ ಹೋಗುತ್ತೇನೆ. ಹೋಗಿ ಚಪ್ಪಾಳೆಯನ್ನೂ ತಟ್ಟುತ್ತೇನೆ. ಆದರೆ ಇಂಗ್ಲಿಷಿನ ಎರಡು ಶಬ್ದ ಜೋಡಿಸಿ ಮಾಡಿದ ಈ ರಸ್ತೆ ಮಾತೂ ಕನ್ನಡವೇ ಅಲ್ಲವೇ? ಇಂಗ್ಲಿಷಿನವನಿಗೆ ಇದರ ಅರ್ಥ ತಿಳಿಯದು. ಥಾಣೆಯವನಿಗೂ ತಿಳಿಯದು.

ಅಂದ ಹಾಗೆ, ಲೋಕಲಿನ ಬ್ಲೇಡು ಕಡಿಮೆಯಾಗುತ್ತಿರುವಂತೆ ನನಗೆ ಕಾಣುತ್ತದೆ. ಬ್ಯಾಗಿನಲ್ಲಿ ಈಗ ರೊಕ್ಕ ಎಲ್ಲಿದೆ? ಎಲ್ಲ ಯುಪಿಐ. ಕಳ್ಳರು ಮೊಬೈಲು ಎಳೆಯುತ್ತಾರೆ, ಅದಕ್ಕೆ ಬ್ಲೇಡು ಬೇಡ. ರಿಪೇರಿಯವನನ್ನು ಕೇಳಿದರೆ, ಈಗ ಬರುವುದೆಲ್ಲ ಜಿಪ್ಪು ಕೆಟ್ಟ ಬ್ಯಾಗುಗಳೇ ಅನ್ನುತ್ತಾನೆ.

ಡಬ್ಬಾದ ಗೆಳತಿಗೆ ಆ ಹಣ ಇನ್ನೂ ಬಂದಿಲ್ಲ. ಪೊಲೀಸು ದೂರಿನ ಪ್ರತಿ ಪ್ಲಾಸ್ಟಿಕ್ ಚೀಲದಲ್ಲಿ ದೇವರ ಗೂಡಿನ ಕೆಳಗಿದೆ. ಆದರೆ ಭಿಶಿಯ ವಾಟ್ಸಾಪ್ ಗುಂಪಿನಲ್ಲಿ ಯಾರು ಯಾವ ಸ್ಕೀಮು ಹಾಕಿದರೂ ಮೊದಲ ಉತ್ತರ ಅವಳದ್ದೇ. ಕಳೆದ ವಾರ ಯಾರೋ ಬಂಗಾರದ್ದೊಂದು ಯೋಜನೆ ಕಳಿಸಿದ್ದರು, ಹನ್ನೊಂದು ತಿಂಗಳಿಗೆ ದುಪ್ಪಟ್ಟು. ಅವಳು ಮರಾಠಿಯಲ್ಲಿ ಬರೆದಳು: "ಬ್ಲೇಡ್ ಕಂಪನೀ ಆಹೇ ಕಾ?" ಸೂಪರ್‌ಮ್ಯಾಕ್ಸಿನವರ ಸೊಸೆ ಈ ಸಲ ಫ್ಯಾಕ್ಟರಿಯ ಮಾತೆತ್ತಲಿಲ್ಲ, ನನ್ನನ್ನು ಟ್ಯಾಗ್ ಮಾಡಿ "ಭಾಭಿ, ದೇಖೋ ಜರಾ" ಎಂದು ಹಾಕಿದಳು. ರಿಸರ್ವ್ ಬ್ಯಾಂಕಿನ 'ಸಚೇತ್' ಪೋರ್ಟಲಿನಲ್ಲಿ ಕಂಪನಿಯ ಹೆಸರು ಹಾಕಿ ಹುಡುಕಿದೆ. ಅನುಮತಿ ಪಡೆದವರ ಪಟ್ಟಿಯಲ್ಲಿ ಆ ಹೆಸರಿರಲಿಲ್ಲ.